ಶಾರ್ಟ್‌ಬ್ರೆಡ್ ಕುಕೀಸ್‌ನ ಕುಳಿಯಲ್ಲಿ ದ್ರಾಕ್ಷಿ ಜಾಮ್ ನಿಲ್ಲುತ್ತಿಲ್ಲ: ದೋಷ ಹಿಟ್ಟಿನದೋ, ಜಾಮಿನದೋ?

ಚಿಂತಾಮಣಿ ಅಡುಗೆಮನೆ (ಚಿಕ್ಕಬಳ್ಳಾಪುರ ಜಿಲ್ಲೆ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಜಾಮ್ ತುಂಬಿದ ಶಾರ್ಟ್‌ಬ್ರೆಡ್ ಕುಕೀಸ್ ಬಗ್ಗೆ ತಿಳಿದವರ ಸಲಹೆ ಬೇಕಾಗಿದೆ. ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ. ಮೈದಾ, ಬೆಣ್ಣೆ, ಸಕ್ಕರೆ ಈ ಮೂರರಿಂದಲೇ ಆಗುವ ತಿನಿಸು ಎಂಬ ಕಾರಣಕ್ಕೆ ನಾನು ಇದನ್ನು ಆರಿಸಿಕೊಂಡೆ. ಒಳಗೆ ತುಂಬಲು ನಮ್ಮ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿಯ ಜಾಮನ್ನೇ ಬಳಸಬೇಕೆಂಬುದು ನನ್ನ ಆಸೆ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಹಣ್ಣು ಮನೆಯ ಹಿಂದಿನ ತೋಟದಲ್ಲೇ ಬೆಳೆಯುತ್ತಿರುವಾಗ, ಬಣ್ಣ ಬೆರೆಸಿದ ಮಿಶ್ರ ಹಣ್ಣಿನ ಜಾಮನ್ನು ಅಂಗಡಿಯಿಂದ ತರಲು ಮನಸ್ಸು ಒಪ್ಪುವುದಿಲ್ಲ.

ನಾನು ಅನುಸರಿಸುತ್ತಿರುವ ಅಳತೆ ಹೀಗಿದೆ: 300 ಗ್ರಾಂ ಮೈದಾ, ಪ್ಯಾಕೆಟ್ಟಿನ ಉಪ್ಪು ಸೇರಿದ ಬೆಣ್ಣೆ 200 ಗ್ರಾಂ, ಸಾಧಾರಣ ಸಕ್ಕರೆ 100 ಗ್ರಾಂ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್. ಬೆಣ್ಣೆ ಮತ್ತು ಸಕ್ಕರೆಯನ್ನು ಬೀಟರಿನಲ್ಲಿ ಬೆಳ್ಳಗಾಗಿ ಉಬ್ಬುವವರೆಗೆ ಚೆನ್ನಾಗಿ ಕಲಕಿ, ಮೈದಾ ಸೇರಿಸಿ, ಉಂಡೆ ಮಾಡಿ, ಹೆಬ್ಬೆರಳಿನಿಂದ ಕುಳಿ ಒತ್ತಿ, ಜಾಮ್ ತುಂಬಿ, ಒಟಿಜಿಯಲ್ಲಿ (ಮನೆಬಳಕೆಯ ಸಣ್ಣ ವಿದ್ಯುತ್ ಓವನ್) 180 ಡಿಗ್ರಿಯ ಶಾಖದಲ್ಲಿ 20 ನಿಮಿಷ ಬೇಯಿಸುತ್ತೇನೆ. ಉಂಡೆಗಳು ಅಗಲವಾಗಿ ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕುಳಿ ಬಹುಪಾಲು ಮುಚ್ಚಿಹೋಗುತ್ತದೆ. ಅಂಗಡಿಯ ಜಾಮ್ ಹಾಕಿದಾಗ ಅದು ಕುದಿದು ಹೊರಗೆ ಹರಿದು ಟ್ರೇ ಮೇಲೆ ಸೀದುಹೋಯಿತು. ವಿದೇಶದ ಅಡುಗೆ ಪುಸ್ತಕವೊಂದರಲ್ಲಿ ಹೇಳಿದಂತೆ ಥರ್ಮಾಮೀಟರ್ ಇಟ್ಟು 105 ಡಿಗ್ರಿ ಬರುವವರೆಗೆ ಕಾಯಿಸಿದ ಮನೆಯ ದ್ರಾಕ್ಷಿ ಜಾಮ್ ಹರಿಯಲಿಲ್ಲ, ಆದರೆ ಆರಿದ ಮೇಲೆ ಮಿಠಾಯಿಯಂತೆ ಗಟ್ಟಿಯಾಗಿ ಹಲ್ಲಿಗೆ ಅಂಟಿಕೊಳ್ಳತೊಡಗಿತು. ಒಂದೇ ಬಿಸ್ಕತ್ತಿನಲ್ಲಿ ಒಂದು ಜಾಮ್ ನೀರಾಗುವುದಕ್ಕೂ ಇನ್ನೊಂದು ಕಲ್ಲಾಗುವುದಕ್ಕೂ ಕಾರಣವೇನೆಂದು ನನಗೆ ಹೊಳೆಯುತ್ತಿಲ್ಲ.

ಇನ್ನೊಂದು ವಿಷಯ. ಇವನ್ನು ಹಾಸ್ಟೆಲಿನಲ್ಲಿರುವ ಮಗಳಿಗೆ ಕಳುಹಿಸಬೇಕೆಂದಿದ್ದೇನೆ. ಬೇಯಿಸಿದ ದಿನ ಗರಿಗರಿಯಾಗಿದ್ದದ್ದು ಮರುದಿನವೇ ಮೆತ್ತಗಾಗುತ್ತದೆ. ಒಂದು ವಾರವಾದರೂ ಹಾಗೆಯೇ ಉಳಿಯುವಂತೆ ಮಾಡಲು ಸಾಧ್ಯವೇ? ಹಿಟ್ಟಿನ ವಿಷಯ ಬಲ್ಲವರೂ ಜಾಮಿನ ವಿಷಯ ಬಲ್ಲವರೂ ದಯವಿಟ್ಟು ವಿವರವಾಗಿ ತಿಳಿಸಿ.

ಕೋಲಾರದ ಬೇಕರಿ ಕೆಲಸಗಾರ ಬರೆದ ಉತ್ತರ

ಮೇಡಂ, ನಮಸ್ಕಾರ. ಬೇಕರಿಯಲ್ಲಿ ಬೆಣ್ಣೆ ಬಿಸ್ಕತ್ತು, ತೆಂಗಿನಕಾಯಿ ಬಿಸ್ಕತ್ತು, ಖಾರಾ ಬಿಸ್ಕತ್ತುಗಳನ್ನು ಮಾಡುತ್ತಲೇ ಬಂದವನು ನಾನು. ಹಿಟ್ಟಿನ ಭಾಗಕ್ಕೆ ನಾನು ಉತ್ತರಿಸುತ್ತೇನೆ, ಜಾಮಿನ ಭಾಗವನ್ನು ಅದನ್ನು ಬಲ್ಲವರಿಗೆ ಬಿಡುತ್ತೇನೆ.

ನಿಮ್ಮ ಮುಖ್ಯ ಅಳತೆ ಸರಿಯಾಗಿಯೇ ಇದೆ. ತೂಕದಲ್ಲಿ ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಹಿಟ್ಟು ಎಂಬುದು ಸ್ಕಾಟ್‌ಲೆಂಡಿನ ಶಾರ್ಟ್‌ಬ್ರೆಡ್ಡಿನ ಹಳೆಯ ಲೆಕ್ಕ. ಆ ಲೆಕ್ಕದಲ್ಲಿ ಬೇಕಿಂಗ್ ಪೌಡರಿಗೆ ಸ್ಥಾನವಿಲ್ಲ. ಕೇಕು ಉಬ್ಬಬೇಕು, ಆದ್ದರಿಂದ ಅದಕ್ಕೆ ಅದು ಬೇಕು. ಕುಳಿ ಇರುವ ಬಿಸ್ಕತ್ತು ಉಬ್ಬಿದರೆ ಮೊದಲು ಮೇಲೇಳುವುದು ಕುಳಿಯ ತಳವೇ. ತಳ ಮೇಲೆದ್ದಂತೆ ಅದರಲ್ಲಿದ್ದ ಜಾಮ್ ಅಂಚು ದಾಟಿ ಹೊರಗೆ ಬರುತ್ತದೆ. ಅರ್ಧ ಚಮಚವಲ್ಲ, ಚಿಟಿಕೆಯೂ ಬೇಡ.

ಬೀಟರಿನ ವಿಷಯವೂ ಇದೇ. ಬೆಣ್ಣೆ ಬೆಳ್ಳಗಾಗುವವರೆಗೆ ಕಲಕಿದರೆ ಅದರೊಳಗೆ ಗಾಳಿ ಸೇರುತ್ತದೆ, ಆ ಗಾಳಿ ಓವನ್ನಿನ ಶಾಖಕ್ಕೆ ಹಿಗ್ಗುತ್ತದೆ. ಶಾರ್ಟ್‌ಬ್ರೆಡ್ಡಿಗೆ ಬೆಣ್ಣೆಯೂ ಸಕ್ಕರೆಯೂ ಒಂದಾಗಿ ಬೆರೆತರೆ ಸಾಕು. ಮರದ ಸೌಟಿನಿಂದ ಅಥವಾ ಕೈಯಿಂದ ಒಂದೆರಡು ನಿಮಿಷ ಕಲಸಿದರೆ ಆ ಹದ ಬರುತ್ತದೆ. ಸಕ್ಕರೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದು ಬಳಸಿ. ಹರಳು ಸಕ್ಕರೆ ಕಲಸುವಾಗ ಪೂರ್ತಿ ಕರಗದೆ ಉಳಿದು, ಓವನ್ನಿನೊಳಗೆ ಶಾಖ ಏರಿದಂತೆ ಕರಗಿ ದ್ರವವಾಗುತ್ತದೆ, ಆಗ ಬಿಸ್ಕತ್ತು ಅಗಲಕ್ಕೆ ಹರಡುತ್ತದೆ.

ಈಗ ಬೆಣ್ಣೆ. ಪ್ಯಾಕೆಟ್ಟಿನ ಟೇಬಲ್ ಬಟರಿನಲ್ಲಿ ನೂರರಲ್ಲಿ ಕನಿಷ್ಠ 80 ಭಾಗ ಕೊಬ್ಬಿರಬೇಕು, ನೀರಿನಂಶ 16 ಭಾಗ ಮೀರಬಾರದು, ಉಪ್ಪು 3 ಭಾಗ ಮೀರಬಾರದು ಎಂಬುದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಅಂದರೆ ನಿಮ್ಮ 200 ಗ್ರಾಂ ಬೆಣ್ಣೆಯೊಳಗೆ ಸುಮಾರು 30 ಗ್ರಾಂ ನೀರು ಇರುತ್ತದೆ. ಈ ನೀರು ಮೈದಾಕ್ಕೆ ಸೇರಿ, ಅದನ್ನು ನೀವು ಚಪಾತಿ ಹಿಟ್ಟಿನ ಹಾಗೆ ನಾದಿದರೆ, ಜಿಗುಟು (ಗ್ಲುಟೆನ್) ಬೆಳೆದು ಬಿಸ್ಕತ್ತು ಬಿರುಸಾಗುತ್ತದೆ. ಹಿಟ್ಟು ಹಾಕಿದ ಮೇಲೆ ನಾದಲೇಬೇಡಿ. ಬೆರಳ ತುದಿಯಿಂದ ಉದುರುದುರಾಗಿ ಬೆರೆಸಿ, ಕೊನೆಯಲ್ಲಿ ಮುಷ್ಟಿಯಲ್ಲಿ ಹಿಡಿದಾಗ ಕೂಡಿಕೊಳ್ಳುವಷ್ಟಕ್ಕೆ ನಿಲ್ಲಿಸಿ. 300 ಗ್ರಾಂ ಮೈದಾದಲ್ಲಿ 30 ಗ್ರಾಂ ತೆಗೆದು ಅದರ ಬದಲು ನುಣುಪಾದ ಅಕ್ಕಿಹಿಟ್ಟು ಸೇರಿಸಿದರೆ ಜಿಗುಟು ಇನ್ನೂ ಕಡಿಮೆಯಾಗಿ, ಕಚ್ಚಿದಾಗ ಒಳ್ಳೆಯ ಗರಿಗರಿ ಬರುತ್ತದೆ. ಇದು ನಮ್ಮ ಕಡೆಯ ಸೇರ್ಪಡೆಯೇನೂ ಅಲ್ಲ, ಸ್ಕಾಟ್‌ಲೆಂಡಿನಲ್ಲೂ ಶಾರ್ಟ್‌ಬ್ರೆಡ್ಡಿಗೆ ಅಕ್ಕಿಹಿಟ್ಟು ಬೆರೆಸುವ ರೂಢಿಯಿದೆ. ಬೆಣ್ಣೆಯಲ್ಲೇ ಉಪ್ಪಿರುವುದರಿಂದ ಬೇರೆ ಉಪ್ಪು ಬೇಕಿಲ್ಲ.

ಬೇಸಿಗೆಯಲ್ಲಿ ಕೋಲಾರ, ಚಿಂತಾಮಣಿಗಳ ಮಧ್ಯಾಹ್ನದ ಬಿಸಿ 35 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಬೆಣ್ಣೆ ಕರಗುವುದೂ ಅದೇ ಮಟ್ಟದಲ್ಲಿ. ಹಾಗಾಗಿ ನಮ್ಮ ಅಡುಗೆಮನೆಯಲ್ಲಿ ಹಿಟ್ಟು ಕಲಸುವಾಗಲೇ ಬೆಣ್ಣೆ ಅರ್ಧ ಕರಗಿರುತ್ತದೆ, ಓವನ್ನಿಗೆ ಹೋದ ಕ್ಷಣವೇ ಹಿಟ್ಟು ಗಟ್ಟಿಯಾಗುವ ಮುಂಚೆ ಕುಸಿಯುತ್ತದೆ. ಬೇಕರಿಗಳಲ್ಲಿ ವನಸ್ಪತಿ ಬಳಸುವುದಕ್ಕೆ ಅಗ್ಗ ಎಂಬುದರ ಜೊತೆಗೆ ಇದೂ ಒಂದು ಕಾರಣ: ಅದು ಬೆಣ್ಣೆಗಿಂತ ಹೆಚ್ಚಿನ ಶಾಖದವರೆಗೆ ಗಟ್ಟಿಯಾಗಿ ನಿಲ್ಲುತ್ತದೆ. ಕೊಬ್ಬು ಮತ್ತು ಎಣ್ಣೆಗಳಲ್ಲಿ ಕೈಗಾರಿಕಾ ಟ್ರಾನ್ಸ್ ಕೊಬ್ಬು (ಎಣ್ಣೆಯನ್ನು ವನಸ್ಪತಿಯಂತೆ ಗಟ್ಟಿಗೊಳಿಸುವಾಗ ಉಂಟಾಗುವ, ಹೃದಯಕ್ಕೆ ಕೆಟ್ಟದ್ದಾದ ಕೊಬ್ಬು) ನೂರರಲ್ಲಿ 2 ಭಾಗ ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೂ ಮನೆಯ ಮಕ್ಕಳಿಗೆ ಮಾಡುವಾಗ ಬೆಣ್ಣೆಯೇ ಇರಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೆಣ್ಣೆಯ ಪರಿಮಳವಿಲ್ಲದ ಶಾರ್ಟ್‌ಬ್ರೆಡ್ಡನ್ನು ಮಾಡುವುದೇ ವ್ಯರ್ಥ.

ಆದ್ದರಿಂದ ಬಿಸಿಗೆ ಪರಿಹಾರ ಫ್ರಿಜ್ಜೇ. ತಲಾ 20 ಗ್ರಾಂ ತೂಕದ ಉಂಡೆ ಮಾಡಿದರೆ ನಿಮ್ಮ ಅಳತೆಗೆ ಸುಮಾರು 30 ಬಿಸ್ಕತ್ತು ಆಗುತ್ತವೆ. ಉಂಡೆ ಮಾಡಿ, ಕುಳಿ ಒತ್ತಿ, ಟ್ರೇ ಸಮೇತ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಡಿ. ಕುಳಿಯನ್ನು ಫ್ರಿಜ್ಜಿಗೆ ಇಡುವ ಮುಂಚೆಯೇ ಒತ್ತಬೇಕು, ತಣ್ಣಗಾದ ಉಂಡೆಯನ್ನು ಒತ್ತಿದರೆ ಅಂಚು ಸೀಳುತ್ತದೆ. ಆ ಸೀಳಿನಿಂದಲೇ ಜಾಮ್ ಸೋರುತ್ತದೆ. ಮೊಟ್ಟೆ ಇಲ್ಲದ ಹಿಟ್ಟಿನಲ್ಲಿ ಸೀಳು ಬರುವುದು ಸಹಜ. ಅಂಗೈಯಲ್ಲಿ ಉಂಡೆಯನ್ನು ನುಣುಪಾಗಿ ಉರುಳಿಸಿ, ಒಂದೇ ಸಲ ಜೋರಾಗಿ ಒತ್ತದೆ ಮೂರು ನಾಲ್ಕು ಸಲ ಮೆಲ್ಲಗೆ ಒತ್ತುತ್ತಾ ಹೋಗಿ, ಬಿರುಕು ಕಂಡಲ್ಲಿ ಬೆರಳಿನಿಂದ ಸವರಿ ಮುಚ್ಚಿ. ಹಿಟ್ಟು ತೀರಾ ಒಣಗಿದ್ದರೆ ಒಂದು ಟೀ ಚಮಚ ಹಾಲು ಸಾಕು. ತಳದಲ್ಲಿ ಅರ್ಧ ಸೆಂಟಿಮೀಟರ್ ಹಿಟ್ಟಾದರೂ ಉಳಿಯಲಿ.

ಬೇಯಿಸುವ ಕ್ರಮವೇ ಎಲ್ಲಕ್ಕಿಂತ ಮುಖ್ಯ. ಓವನ್ನನ್ನು 15 ನಿಮಿಷ ಮೊದಲೇ ಕಾಯಿಸಿ, 180 ಬಿಟ್ಟು 160 ಡಿಗ್ರಿಗೆ ಇಡಿ. ಮೇಲಿನ ಮತ್ತು ಕೆಳಗಿನ ಎರಡೂ ಕಾಯಿಲ್ ಉರಿಯಲಿ, ಟ್ರೇ ನಡುವಿನ ಅಂತಸ್ತಿನಲ್ಲಿರಲಿ. ಮೊದಲು ಜಾಮ್ ಇಲ್ಲದೆ ಖಾಲಿ ಕುಳಿಯನ್ನೇ 10ರಿಂದ 12 ನಿಮಿಷ ಬೇಯಿಸಿ. ಹೊರಗೆ ತೆಗೆದಾಗ ಕುಳಿ ಸ್ವಲ್ಪ ಮೇಲೆದ್ದಿರುತ್ತದೆ. ಹಿಟ್ಟು ಇನ್ನೂ ಮೆತ್ತಗಿರುವಾಗಲೇ ದುಂಡನೆಯ ಅಳತೆ ಚಮಚದ ಬೆನ್ನಿನಿಂದ ಮತ್ತೆ ಮೆಲ್ಲನೆ ಒತ್ತಿ, ಅರ್ಧ ಟೀ ಚಮಚಕ್ಕಿಂತ ಹೆಚ್ಚಿಲ್ಲದಂತೆ, ಕುಳಿಯ ಮುಕ್ಕಾಲು ಭಾಗ ಜಾಮ್ ತುಂಬಿ, ಮತ್ತೆ 8ರಿಂದ 10 ನಿಮಿಷ ಒಳಗಿಡಿ. ಅಂಚು ತಿಳಿಗಂದು ಬಣ್ಣಕ್ಕೆ ತಿರುಗಿದರೆ ಆಯಿತು, ಮೇಲ್ಭಾಗ ಬಿಳಿಯಾಗಿಯೇ ಇರುತ್ತದೆ. ಬಿಸಿಯಿರುವಾಗ ಮುಟ್ಟಿದರೆ ಮುರಿಯುತ್ತವೆ, ಆದ್ದರಿಂದ ಟ್ರೇಯಲ್ಲೇ 10 ನಿಮಿಷ ಬಿಟ್ಟು ಆಮೇಲೆ ಜಾಲರಿಗೆ ವರ್ಗಾಯಿಸಿ. ನಿಮ್ಮ ಒಟಿಜಿಯ ಗುಂಡಿ ತೋರಿಸುವ ಶಾಖವೂ ಒಳಗಿನ ಶಾಖವೂ ಒಂದೇ ಎಂದು ನಂಬಬೇಡಿ. ಒಳಗೆ ಇಡುವ ಓವನ್ ಥರ್ಮಾಮೀಟರ್ ಒಂದನ್ನು ತಂದಿಟ್ಟುಕೊಳ್ಳುವುದು ಒಳ್ಳೆಯದು.

ತುಮಕೂರಿನಿಂದ ಹಣ್ಣು ಸಂಸ್ಕರಣೆ ಕಲಿಸುವವಳು ಬರೆದ ಉತ್ತರ

ಅಕ್ಕ, ಮೇಲಿನವರು ಹಿಟ್ಟಿನ ಬಗ್ಗೆ ಹೇಳಿದ್ದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನಿಮ್ಮ ಎರಡು ಜಾಮುಗಳು ಎರಡು ರೀತಿ ವರ್ತಿಸಿದ್ದಕ್ಕೆ ಉತ್ತರ ಒಂದೇ: ಜಾಮಿನಲ್ಲಿ ಉಳಿದಿರುವ ನೀರಿನ ಪ್ರಮಾಣ.

ಅಂಗಡಿಯ ಜಾಮಿನಲ್ಲಿ ಕರಗಿದ ಘನಾಂಶ, ಅಂದರೆ ಬಹುಪಾಲು ಸಕ್ಕರೆ, ಕನಿಷ್ಠ 65 ಭಾಗ ಇರಬೇಕೆಂದು ನಿಯಮವಿದೆ. ಉಳಿದ ಸುಮಾರು 35 ಭಾಗ ನೀರು. ಬ್ರೆಡ್ಡಿಗೆ ಸವರಲು ಅದು ಸರಿಯಾದ ಹದ, ಆದರೆ ಓವನ್ನಿನಲ್ಲಿ ಅದು ಸಡಿಲವಾಗಿ ಕುದಿಯುತ್ತದೆ. ಬೇಕರಿಗಳಿಗೆಂದೇ ಶಾಖಕ್ಕೆ ಹರಿಯದಂತೆ ಬೇರೆ ಬಗೆಯ ಪೆಕ್ಟಿನ್ (ಜಾಮನ್ನು ಹೆಪ್ಪುಗಟ್ಟಿಸುವ ಹಣ್ಣಿನ ಅಂಶ) ಹಾಕಿ ತಯಾರಿಸಿದ ಜಾಮ್ ಬರುತ್ತದೆ, ಮನೆಬಳಕೆಯ ಬಾಟಲಿಯಲ್ಲಿರುವುದು ಅದಲ್ಲ.

ಇನ್ನು ನಿಮ್ಮ ಮನೆಯ ಜಾಮ್ ಕಲ್ಲಾದದ್ದರಲ್ಲಿ ನಿಮ್ಮ ಕೈಗುಣದ ತಪ್ಪೇನೂ ಇಲ್ಲ. ನಿಮ್ಮ ಪುಸ್ತಕದ 105 ಡಿಗ್ರಿ ಸಮುದ್ರಮಟ್ಟದ ಊರಿಗೆ ಬರೆದ ಸಂಖ್ಯೆ. ಅಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ, ಜಾಮ್ ಅದಕ್ಕಿಂತ ನಾಲ್ಕೈದು ಡಿಗ್ರಿ ಮೇಲೆ ಹದಕ್ಕೆ ಬರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರುಗಳೆಲ್ಲ ಸಮುದ್ರಮಟ್ಟದಿಂದ 800ರಿಂದ 900 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿವೆ. ಪ್ರತಿ 300 ಮೀಟರ್ ಎತ್ತರಕ್ಕೆ ನೀರು ಕುದಿಯುವ ಮಟ್ಟ ಸುಮಾರು ಒಂದು ಡಿಗ್ರಿ ಇಳಿಯುತ್ತದೆ, ಹಾಗಾಗಿ ನಮ್ಮಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ನಮ್ಮ ಒಲೆಯ ಮೇಲೆ ಬ್ರೆಡ್ಡಿಗೆ ಸವರುವ ಜಾಮ್ 101ರಿಂದ 102 ಡಿಗ್ರಿಗೇ ಸಿದ್ಧ. ಇಲ್ಲಿ 105ರವರೆಗೆ ಕಾಯಿಸಿದರೆ ಅದು ನೀರಿಗಿಂತ ಎಂಟು ಡಿಗ್ರಿ ಮೇಲೆ ಹೋದಂತೆ, ಅಷ್ಟರಲ್ಲಿ ಘನಾಂಶ ಮುಕ್ಕಾಲು ಪಾಲನ್ನೂ ಮೀರಿರುತ್ತದೆ. ಆ ಜಾಮನ್ನು ಮತ್ತೆ ಓವನ್ನಿನಲ್ಲಿ 20 ನಿಮಿಷ ಇಟ್ಟಾಗ ಉಳಿದ ನೀರೂ ಹಾರಿಹೋಗಿ ಗಟ್ಟಿಯಾಗದೆ ಇನ್ನೇನಾದೀತು? ಆದ್ದರಿಂದ ಯಾವ ಪುಸ್ತಕ ಓದಿದರೂ ಮೊದಲು ನಿಮ್ಮ ಥರ್ಮಾಮೀಟರನ್ನು ನಿಮ್ಮದೇ ಒಲೆಯ ಮೇಲೆ ಕುದಿಯುವ ನೀರಿನಲ್ಲಿಟ್ಟು ಅದು ತೋರಿಸುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕುಕೀಸ್‌ಗೆ ತುಂಬುವ ಜಾಮಿಗೆ ಆ ಸಂಖ್ಯೆಯ ಮೇಲೆ ಐದು ಡಿಗ್ರಿ ಸೇರಿಸಿ ಅಲ್ಲಿಗೆ ನಿಲ್ಲಿಸಿ. ಥರ್ಮಾಮೀಟರಿನಲ್ಲೇ ಒಂದೆರಡು ಡಿಗ್ರಿ ವ್ಯತ್ಯಾಸವಿದ್ದರೂ ಈ ಕ್ರಮದಲ್ಲಿ ಅದು ತಾನಾಗಿ ಸರಿಹೋಗುತ್ತದೆ.

ಇದಕ್ಕಿಂತಲೂ ನಾನು ಹೆಚ್ಚು ನಂಬುವುದು ತಕ್ಕಡಿಯನ್ನು. 500 ಗ್ರಾಂ ದ್ರಾಕ್ಷಿ ತಿರುಳಿಗೆ 375 ಗ್ರಾಂ ಸಕ್ಕರೆ ಹಾಕಿದಿರಿ ಎಂದುಕೊಳ್ಳೋಣ. ಮಾಗಿದ ಹಣ್ಣಿನ ತಿರುಳಿನಲ್ಲೇ ಸುಮಾರು 15 ಭಾಗ ಘನಾಂಶ ಇರುವುದರಿಂದ ಒಟ್ಟು ಘನಾಂಶ 450 ಗ್ರಾಂ ಆಯಿತು. ಬಾಣಲೆಯಲ್ಲಿ 875 ಗ್ರಾಂ ಇದ್ದದ್ದು ಕುದಿದು ಕುದಿದು 660 ಗ್ರಾಮಿಗೆ ಇಳಿದರೆ ಘನಾಂಶ 68 ಭಾಗಕ್ಕೆ ಬಂದಿರುತ್ತದೆ. ತುಂಬಲು ಇದೇ ಹದ. ಬ್ರೆಡ್ಡಿಗಾದರೆ 690 ಗ್ರಾಮಿನಲ್ಲೇ ನಿಲ್ಲಿಸಬಹುದಿತ್ತು. ಖಾಲಿ ಬಾಣಲೆಯ ತೂಕವನ್ನು ಮೊದಲೇ ಗುರುತಿಸಿಟ್ಟುಕೊಂಡರೆ ಒಲೆಯಿಂದ ಇಳಿಸಿ ತೂಗಿ ಮತ್ತೆ ಇಡುವುದು ಕಷ್ಟವಲ್ಲ. ಬೆಟ್ಟದ ಮೇಲಿರಲಿ, ಕರಾವಳಿಯಲ್ಲಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಸಕ್ಕರೆ ಪಾಕದ ಎಳೆ ನೋಡಿ ಅಭ್ಯಾಸವಾದ ನಮ್ಮ ಹೆಂಗಸರು ಜಾಮಿಗೂ ಎಳೆಯನ್ನೇ ನೋಡುತ್ತಾರೆ. ಪೆಕ್ಟಿನ್ ಇರುವ ಹಣ್ಣಿನಲ್ಲಿ ಅದು ಮೋಸ ಮಾಡುತ್ತದೆ. ತಕ್ಕಡಿ ಇಲ್ಲದಿದ್ದರೆ ಫ್ರಿಜ್ಜಿನಲ್ಲಿಟ್ಟು ತಣ್ಣಗಾದ ತಟ್ಟೆಯ ಮೇಲೆ ಒಂದು ಹನಿ ಜಾಮ್ ಹಾಕಿ, ಒಂದು ನಿಮಿಷ ಬಿಟ್ಟು ಬೆರಳಿನಿಂದ ತಳ್ಳಿ ನೋಡಿ. ಮೇಲ್ಮೈ ಸುಕ್ಕುಗಟ್ಟಿದರೆ ಹದ ಬಂದಿದೆ.

ಬೆಂಗಳೂರು ಬ್ಲೂ ಜಾಮಿಗೆ ಒಳ್ಳೆಯ ಆಯ್ಕೆ. ಅದರಲ್ಲಿ ಹುಳಿ ಇದೆ, ಸಿಪ್ಪೆಯಲ್ಲಿ ಪೆಕ್ಟಿನ್ನೂ ಬಣ್ಣವೂ ಇವೆ. ಹಣ್ಣನ್ನು ಹಿಚುಕಿದರೆ ತಿರುಳು ಸಿಪ್ಪೆಯಿಂದ ಜಾರಿ ಹೊರಬರುವುದು ಈ ಜಾತಿಯ ಗುಣ. ಹಾಗೆ ತಿರುಳು ಒಂದು ಪಾತ್ರೆಗೆ, ಸಿಪ್ಪೆ ಇನ್ನೊಂದಕ್ಕೆ ಬೇರ್ಪಡಿಸಿ, ತಿರುಳನ್ನು ಮಾತ್ರ ಮೆತ್ತಗಾಗುವವರೆಗೆ ಬೇಯಿಸಿ, ಜರಡಿಯಲ್ಲಿ ಉಜ್ಜಿ ಬೀಜ ತೆಗೆಯಿರಿ. ಇಡೀ ಹಣ್ಣನ್ನು ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ಒಗರು ಬರುತ್ತದೆ. ನಂತರ ಸಿಪ್ಪೆಯನ್ನು ಈ ತಿರುಳಿಗೆ ಸೇರಿಸಿ ಮೆದುವಾಗುವವರೆಗೆ ಬೇಯಿಸಿ, ಆಮೇಲೆ ಸಕ್ಕರೆ ಹಾಕಿ. ಸಕ್ಕರೆಯನ್ನು ಮೊದಲೇ ಹಾಕಿದರೆ ಸಿಪ್ಪೆ ಬಿರುಸಾಗಿಯೇ ಉಳಿಯುತ್ತದೆ. ಪೂರ್ತಿ ಮಾಗಿದ ಹಣ್ಣಿಗಿಂತ ತುಸು ಕಡಿಮೆ ಮಾಗಿದ ಹಣ್ಣಿನಲ್ಲಿ ಪೆಕ್ಟಿನ್ ಹೆಚ್ಚು, ಆದ್ದರಿಂದ ಒಂದೆರಡು ಹಿಡಿ ಅಂಥವನ್ನು ಬೆರೆಸಿ. ಹಣ್ಣು ತೀರಾ ಸಿಹಿಯಾಗಿದ್ದರೆ ಮಾತ್ರ ಅರ್ಧ ನಿಂಬೆಹಣ್ಣಿನ ರಸ ಸೇರಿಸಿ. ದ್ರಾಕ್ಷಿ ಜಾಮಿನಲ್ಲಿ ಕೆಲವು ದಿನಗಳ ನಂತರ ಮರಳಿನಂಥ ಸಣ್ಣ ಹರಳುಗಳು ಸಿಗುವುದುಂಟು. ಬಹಳ ಮಂದಿ ಅದನ್ನು ಸಕ್ಕರೆ ಕಟ್ಟಿದೆ ಎಂದುಕೊಳ್ಳುತ್ತಾರೆ, ಆದರೆ ಅದು ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಲವಣವೂ ಆಗಿರಬಹುದು. ಜರಡಿ ಹಿಡಿದ ತಿರುಳನ್ನು ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು, ತಳದಲ್ಲಿ ಕುಳಿತದ್ದನ್ನು ಬಿಟ್ಟು ಮೇಲಿನದನ್ನು ಬಳಸಿದರೆ ಅದು ಬಹಳಷ್ಟು ಕಡಿಮೆಯಾಗುತ್ತದೆ.

ಈಗಾಗಲೇ ಗಟ್ಟಿಯಾದ ಜಾಮನ್ನು ಎಸೆಯಬೇಡಿ. 100 ಗ್ರಾಂ ಜಾಮಿಗೆ 12 ಗ್ರಾಂ ಬಿಸಿನೀರು ಹಾಕಿ ಸಣ್ಣ ಉರಿಯಲ್ಲಿ ಕಲಕುತ್ತಾ ಬಂದರೆ ಅದು ತುಂಬುವ ಹದಕ್ಕೆ ಮರಳುತ್ತದೆ. ಅಂಗಡಿಯ ಜಾಮನ್ನೇ ಬಳಸಬೇಕಾಗಿ ಬಂದರೆ ಇದರ ತಿರುಗುಮುರುಗು ಮಾಡಿ: 100 ಗ್ರಾಂ ಜಾಮನ್ನು ಸಣ್ಣ ಉರಿಯಲ್ಲಿ 95 ಗ್ರಾಮಿಗೆ ಇಳಿಸಿ, ಪೂರ್ತಿ ಆರಿಸಿ ತುಂಬಿ.

ಮಾಲೂರಿನ ಓದುಗ ಕೇಳಿದ ಉಪಪ್ರಶ್ನೆ

ಮೇಲಿನ ಇಬ್ಬರಿಗೂ ಧನ್ಯವಾದಗಳು. ನಮ್ಮ ಮನೆಯಲ್ಲಿ ಒಟಿಜಿ ಇಲ್ಲ, ದಪ್ಪ ತಳದ ಬಾಣಲೆಯಲ್ಲಿ ಮರಳು ಹಾಕಿ, ಮೇಲೆ ಮುಚ್ಚಳ ಮುಚ್ಚಿ ನಾನ್‌ಖಟಾಯಿ ಮಾಡುತ್ತೇವೆ. ಅದರಲ್ಲಿ ಈ ಕುಕೀಸ್ ಆಗಬಹುದೇ?

ಕೋಲಾರದ ಬೇಕರಿ ಕೆಲಸಗಾರ ಬರೆದ ಉತ್ತರ

ಆಗುತ್ತದೆ ಸರ್. ಬಾಣಲೆಯಲ್ಲಿ ಶಾಖ ಕೆಳಗಿನಿಂದ ಮಾತ್ರ ಬರುವುದರಿಂದ ತಳ ಬೇಗ ಕೆಂಪಾಗುತ್ತದೆ, ಮೇಲ್ಭಾಗ ಹಸಿಯಾಗಿ ಉಳಿಯುತ್ತದೆ. ಮರಳಿನ ಮೇಲೆ ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಒಂದರ ಮೇಲೊಂದು ಎರಡು ತಟ್ಟೆ ಇಟ್ಟು, ಮೇಲಿನದರಲ್ಲಿ ಬಟರ್ ಪೇಪರ್ ಹಾಸಿ ಬಿಸ್ಕತ್ತು ಜೋಡಿಸಿ. ಎರಡು ತಟ್ಟೆಗಳ ನಡುವಿನ ಗಾಳಿ ತಳ ಸೀಯದಂತೆ ತಡೆಯುತ್ತದೆ. 10 ನಿಮಿಷ ಬಾಣಲೆಯನ್ನು ಕಾಯಿಸಿಕೊಂಡು, ನಂತರ ಉರಿ ಸಣ್ಣದಿರಲಿ, ಬಿಸ್ಕತ್ತುಗಳನ್ನು ಸ್ವಲ್ಪ ಚಪ್ಪಟೆಯಾಗಿಯೇ ಮಾಡಿ. ಜಾಮನ್ನು ಮಾತ್ರ ಬಾಣಲೆಯೊಳಗೆ ಇಡಲೇಬೇಡಿ. ಮುಚ್ಚಿದ ಬಾಣಲೆಯಲ್ಲಿ ಜಾಮಿನ ಆವಿ ಹೊರಹೋಗಲು ದಾರಿಯಿಲ್ಲದೆ ಮುಚ್ಚಳಕ್ಕೆ ತಗಲಿ ಹನಿಯಾಗಿ ಬಿಸ್ಕತ್ತಿನ ಮೇಲೇ ಬೀಳುತ್ತದೆ. ಖಾಲಿ ಕುಳಿಗಳನ್ನು ಪೂರ್ತಿ ಬೇಯಿಸಿ ಹೊರತೆಗೆದು, ಹದವಾಗಿ ಕಾಯಿಸಿದ ಬಿಸಿ ಜಾಮನ್ನು ಚಮಚದಿಂದ ತುಂಬಿ ಆರಲು ಬಿಡಿ.

ಶಿಡ್ಲಘಟ್ಟದ ರಾಗಿ ಮನೆ ಬರೆದ ಉತ್ತರ

ನಾನು ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯ ಹೇಳಬೇಕಾಗಿದೆ. ಶಾರ್ಟ್‌ಬ್ರೆಡ್ ಎಂದರೆ ಪ್ಯಾಕೆಟ್ಟಿನ ಬೆಣ್ಣೆಯೇ, ಮೈದಾವೇ ಎಂದು ನಿಲ್ಲಬೇಕಿಲ್ಲ. ಹಸು ಕಟ್ಟಿರುವ ಮನೆಗಳು ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಇವೆ. ಅಲ್ಲಿ ಕಡೆದ ಬೆಣ್ಣೆಯನ್ನು ಬಿಟ್ಟು ಅಂಗಡಿಗೆ ಹೋಗುವುದು ನನಗೆ ಸರಿಯೆನಿಸುವುದಿಲ್ಲ. ಮನೆಯ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದುಕೊಂಡು ನೀರಿನಂಶ ಹೆಚ್ಚಿರುತ್ತದೆ ಎಂಬುದು ನಿಜ. ಅದಕ್ಕೆ ತಣ್ಣೀರಿನಲ್ಲಿ ನೀರು ತಿಳಿಯಾಗುವವರೆಗೆ ತೊಳೆದು, ಹಿಂಡಿ, ತೆಳು ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಟ್ಟರೆ ಸಾಕಷ್ಟು ನೀರು ಹೋಗುತ್ತದೆ. ಉಪ್ಪಿಲ್ಲದ ಬೆಣ್ಣೆಯಾದ್ದರಿಂದ ಒಂದು ದೊಡ್ಡ ಚಿಟಿಕೆ ಉಪ್ಪು ಸೇರಿಸಿ.

ತುಪ್ಪದಲ್ಲೂ ಮಾಡಬಹುದು. ತುಪ್ಪ ಬಹುತೇಕ ಶುದ್ಧ ಕೊಬ್ಬಾದ್ದರಿಂದ 200 ಗ್ರಾಂ ಬೆಣ್ಣೆಯ ಬದಲು 160 ಗ್ರಾಂ ತುಪ್ಪ ಸಾಕು. ನೀರು ಇಲ್ಲದ್ದರಿಂದ ಬಿಸ್ಕತ್ತು ನಾನ್‌ಖಟಾಯಿಯ ಹಾಗೆ ಬಾಯಲ್ಲಿ ಪುಡಿಯಾಗುತ್ತದೆ, ಬೆಣ್ಣೆಯದರಷ್ಟು ಗರಿಗರಿ ಇರುವುದಿಲ್ಲ. ಕರಗಿದ ತುಪ್ಪ ಬೇಡ, ಹೆಪ್ಪುಗಟ್ಟಿದ ಹರಳು ಹರಳಾದ ತುಪ್ಪವನ್ನು ಬಳಸಿ. ಬೆರೆಸಿದ ಮೇಲೆ ಹಿಟ್ಟು ಉದುರಾಗಿಯೇ ಇದ್ದು ಉಂಡೆ ಕಟ್ಟಲು ಬಾರದಿದ್ದರೆ ಎರಡು ಟೀ ಚಮಚ ತಣ್ಣನೆಯ ಹಾಲು ಸೇರಿಸಬಹುದು.

ಇನ್ನು ರಾಗಿ. 300 ಗ್ರಾಂ ಮೈದಾದಲ್ಲಿ 60 ಗ್ರಾಂ ತೆಗೆದು ಅಷ್ಟೇ ರಾಗಿ ಹುರಿಹಿಟ್ಟು ಹಾಕಿ ನೋಡಿ. ಬಿಸಿ ಮರಳಿನಲ್ಲಿ ಅರಳಿಸಿ ಬೀಸಿದ ಹಿಟ್ಟಾದ್ದರಿಂದ ಹುರಿದ ಪರಿಮಳ ಮೊದಲೇ ಇರುತ್ತದೆ. ಹಸಿ ರಾಗಿಹಿಟ್ಟಿನಿಂದ ಮಾಡಿದ ಬಿಸ್ಕತ್ತಿನಲ್ಲಿ ನಾಲಿಗೆಗೆ ತಗಲುವ ಮಣ್ಣಿನಂಥ ರುಚಿ ಇದರಲ್ಲಿ ಇರುವುದಿಲ್ಲ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಹಾಗಾಗಿ ಬಿಸ್ಕತ್ತು ಇನ್ನಷ್ಟು ಹಗುರವಾಗಿ ಮುರಿಯುತ್ತದೆ. ಆದರೆ ಅರಳಿಸಿದ ಹಿಟ್ಟು ತೇವವನ್ನು ಬೇಗ ಹೀರುತ್ತದೆ, ಅಂಚು ಬಿರಿಯುವ ಸಾಧ್ಯತೆ ಹೆಚ್ಚು. ಆದ್ದರಿಂದ ಹಾಲನ್ನು ಕೈಯಳತೆಯಲ್ಲಿಟ್ಟುಕೊಂಡು ಕಲಸಿ. 60 ಗ್ರಾಂ ಮೀರಿದರೆ ಕುಳಿಯ ಗೋಡೆ ನಿಲ್ಲುವುದಿಲ್ಲ. ರಾಗಿಯ ಬಣ್ಣದಿಂದಾಗಿ ಅಂಚು ಕೆಂಪಾದದ್ದು ಕಣ್ಣಿಗೆ ತಿಳಿಯುವುದಿಲ್ಲ, ಆದ್ದರಿಂದ ಗಡಿಯಾರವನ್ನೂ ಬೆಣ್ಣೆ ಕಾದ ಪರಿಮಳವನ್ನೂ ನಂಬಬೇಕು. ದ್ರಾಕ್ಷಿ ಜಾಮಿನ ಹುಳಿಗೂ ಹುರಿಹಿಟ್ಟಿಗೂ ಬಹಳ ಚೆನ್ನಾಗಿ ಹೊಂದುತ್ತದೆ. ಸ್ವೀಡನ್ನಿನವರು ಇದೇ ಬಗೆಯ ಬಿಸ್ಕತ್ತಿಗೆ ರಾಸ್ಪ್‌ಬೆರಿ ಜಾಮ್ ತುಂಬುತ್ತಾರೆ, ಆಸ್ಟ್ರಿಯಾದ ಲಿಂಟ್ಸ್ ಊರಿನ ಹೆಸರಿನ ಬಿಸ್ಕತ್ತಿನಲ್ಲಿ ಬಾದಾಮಿಯಂಥ ಬೀಜಗಳ ಪುಡಿ ಬೆರೆಸುತ್ತಾರೆ. ಅವರವರ ನೆಲದಲ್ಲಿ ಬೆಳೆದದ್ದನ್ನು ಅವರವರು ಹಾಕಿಕೊಂಡಿದ್ದಾರೆ. ನಮ್ಮ ನೆಲದ್ದು ರಾಗಿ ಮತ್ತು ದ್ರಾಕ್ಷಿ.

ಚಿಂತಾಮಣಿ ಅಡುಗೆಮನೆ ಬರೆದ ಪ್ರತಿಕ್ರಿಯೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕುದಿಯುವ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ, 97ಕ್ಕಿಂತ ಮೇಲೆ ಹೋಗಲೇ ಇಲ್ಲ. ಬೇಕಿಂಗ್ ಪೌಡರ್ ಬಿಟ್ಟು, ಪುಡಿ ಸಕ್ಕರೆ ಹಾಕಿ, ಮೊದಲು ಖಾಲಿ ಕುಳಿ ಬೇಯಿಸಿ, 102 ಡಿಗ್ರಿ ಬಂದಾಗ ಒಲೆಯಿಂದ ಇಳಿಸಿದ ಜಾಮ್ ತುಂಬಿದಾಗ ಒಂದು ಹನಿಯೂ ಹೊರಗೆ ಬರಲಿಲ್ಲ. ಮೆತ್ತಗಾಗುವ ವಿಷಯ ಮಾತ್ರ ಉಳಿದಿದೆ. ಜೊತೆಗೆ ಇನ್ನೊಂದು ಪ್ರಶ್ನೆ: ಬೇಸಿಗೆಯಲ್ಲಿ ಶ್ರೀನಿವಾಸಪುರದ ಮಾವು ಬಂದಾಗ ಇದೇ ಲೆಕ್ಕದಲ್ಲಿ ಮಾವಿನ ಜಾಮ್ ಮಾಡಬಹುದೇ?

ತುಮಕೂರಿನಿಂದ ಹಣ್ಣು ಸಂಸ್ಕರಣೆ ಕಲಿಸುವವಳು ಬರೆದ ಉತ್ತರ

ಮಾಡಬಹುದು ಅಕ್ಕ. ಬಾದಾಮಿ, ರಸಪೂರಿಗಳ ಪರಿಮಳ ಚೆನ್ನ, ಆದರೆ ಪೂರ್ತಿ ಮಾಗಿದರೆ ಅವುಗಳಲ್ಲಿ ಹುಳಿ ಕಡಿಮೆ. ಹುಳಿ ಸಾಲದಿದ್ದರೆ ಪೆಕ್ಟಿನ್ ಹಿಡಿದುಕೊಳ್ಳುವುದಿಲ್ಲ. ಅರ್ಧ ತೋತಾಪುರಿ, ಅರ್ಧ ರಸಪೂರಿ ಬೆರೆಸಿ, 500 ಗ್ರಾಂ ತಿರುಳಿಗೆ ಒಂದು ನಿಂಬೆಹಣ್ಣಿನ ರಸ ಹಾಕಿ. ತೂಕದ ಲೆಕ್ಕ ಹೆಚ್ಚುಕಡಿಮೆ ಅದೇ. ಮಾವಿನ ತಿರುಳು ದಪ್ಪವಾದ್ದರಿಂದ ತಳ ಹಿಡಿಯುವುದು ಬೇಗ, ಕೊನೆಯ ಹತ್ತು ನಿಮಿಷ ಕೈಬಿಡದೆ ಕಲಕಬೇಕು. ನಮ್ಮ ಚೇಳೂರಿನ ಸಿದ್ದು ಹಲಸಿನ ಕೆಂಪು ತೊಳೆಯಲ್ಲೂ ಜಾಮ್ ಆಗುತ್ತದೆ, ಅದಕ್ಕೆ ನಿಂಬೆರಸ ಇನ್ನೂ ಸ್ವಲ್ಪ ಹೆಚ್ಚು ಬೇಕು.

ಮೆತ್ತಗಾಗುವುದರ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ: ಜಾಮ್ ತುಂಬಿದ ಶಾರ್ಟ್‌ಬ್ರೆಡ್ ಒಂದು ವಾರ ಗರಿಗರಿಯಾಗಿ ಇರುವುದಿಲ್ಲ. ಜಾಮ್ ಎಷ್ಟೇ ಗಟ್ಟಿಯಾಗಿದ್ದರೂ ಅದರಲ್ಲಿ ಸುಮಾರು 30 ಭಾಗ ನೀರಿರುತ್ತದೆ, ಬಿಸ್ಕತ್ತಿನಲ್ಲಿ ಬಹಳ ಕಡಿಮೆ. ಡಬ್ಬ ಎಷ್ಟು ಭದ್ರವಾಗಿದ್ದರೂ ಒಳಗಿನ ತೇವ ಜಾಮಿನಿಂದ ಬಿಸ್ಕತ್ತಿಗೆ ಸರಿಯುತ್ತಲೇ ಇರುತ್ತದೆ. ಎರಡು ಮೂರು ದಿನ ಚೆನ್ನಾಗಿದ್ದರೆ ಅದೇ ಹೆಚ್ಚು. ಫ್ರಿಜ್ಜಿನಲ್ಲಿಟ್ಟರೂ ಇದು ನಿಲ್ಲುವುದಿಲ್ಲ. ಕುಳಿಗೆ ಕರಗಿಸಿದ ಬಿಳಿ ಚಾಕೊಲೇಟನ್ನು ತೆಳುವಾಗಿ ಸವರಿ, ಅದು ಗಟ್ಟಿಯಾದ ಮೇಲೆ ಜಾಮ್ ಹಾಕಿದರೆ ಕೊಬ್ಬಿನ ಪದರ ತೇವವನ್ನು ಕೆಲವು ದಿನ ತಡೆಯುತ್ತದೆ, ಆದರೆ ಬೇಸಿಗೆಯ ಬಸ್ ಪ್ರಯಾಣಕ್ಕೆ ಅದು ಹೊಂದುವುದಿಲ್ಲ.

ಕೋಲಾರದ ಬೇಕರಿ ಕೆಲಸಗಾರ ಬರೆದ ಉತ್ತರ

ಮಗಳಿಗೆ ಕಳುಹಿಸುವುದಾದರೆ ಖಾಲಿ ಕುಳಿಗಳನ್ನೇ ಪೂರ್ತಿ 20 ನಿಮಿಷ ಬೇಯಿಸಿ ಕಳುಹಿಸಿ ಮೇಡಂ. ಚೆನ್ನಾಗಿ ಆರಿದ ಮೇಲೆ, ಸ್ವಲ್ಪವೂ ಬಿಸಿ ಇಲ್ಲದಂತೆ ನೋಡಿಕೊಂಡು, ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಪದರ ಪದರಕ್ಕೆ ಬಟರ್ ಪೇಪರ್ ಹಾಕಿ ಜೋಡಿಸಿ. ಹೀಗಿಟ್ಟರೆ ಎರಡು ವಾರದವರೆಗೂ ಗರಿಗರಿಯಾಗಿರುತ್ತವೆ. ಜಾಮನ್ನು ಬಿಸಿನೀರಿನಲ್ಲಿ ಕುದಿಸಿ ಒಣಗಿಸಿದ ಸಣ್ಣ ಗಾಜಿನ ಬಾಟಲಿಗೆ ಬಿಸಿಯಿರುವಾಗಲೇ ತುಂಬಿ ಬೇರೆಯಾಗಿ ಕಟ್ಟಿ, ಒಣಗಿದ ಚಮಚ ಒಂದನ್ನು ಜೊತೆಗಿಡಿ. ತಿನ್ನುವ ಹೊತ್ತಿಗೆ ಮಗಳೇ ತುಂಬಿಕೊಳ್ಳಲಿ. ಕುಳಿ ಒತ್ತಿದ ಹಸಿ ಉಂಡೆಗಳನ್ನು ಫ್ರೀಜರಿನಲ್ಲಿ ಒಂದು ತಿಂಗಳು ಇಡಬಹುದು, ಕರಗಿಸದೆ ಹಾಗೆಯೇ ಓವನ್ನಿಗಿಟ್ಟು ಎರಡು ನಿಮಿಷ ಹೆಚ್ಚು ಬೇಯಿಸಿದರೆ ಸರಿ, ಅವಳು ರಜೆಗೆ ಬಂದ ದಿನ ಬಿಸಿಯಾಗಿಯೇ ಮಾಡಿಕೊಡಬಹುದು.